ಪಿನ್‌ಗೆ ಎಷ್ಟು ಸರಪಳಿ? ಲೇಸರ್, ಜಿಪಿಎಸ್ ವಾಚ್, ಮೊಬೈಲ್ ಆ್ಯಪ್, ಕ್ಯಾಡಿ: ನಮ್ಮ ಕಡೆಯ ಗಾಲ್ಫ್ ಆಟಗಾರರಿಗೆ ಯಾವುದು ಸರಿ

ಧಾರವಾಡದಿಂದ ಅಮ್ಮಿನಬಾವಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆತನದ ಎರೆ ಹೊಲ ಇದೆ. ಕಡಲೆ ಕಿತ್ತ ಮೇಲೆ ಮುಂಗಾರು ಬೀಳುವ ತನಕ ಅದು ಖಾಲಿ. ಗಾಲ್ಫ್ ಚೆಂಡು ಹೊಡೆದು ಕೈ ಪಳಗಿಸಿಕೊಳ್ಳಲು ಅದೇ ನನ್ನ ಮೈದಾನ. ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ತಂದ ಮೊದಲ ದಿನ ಅದನ್ನು ಕಣ್ಣಿಗೆ ಹಿಡಿದು ನಿಂತಿದ್ದೆ. ಪಕ್ಕದ ಹೊಲದ ಕಾಕಾ ಬದು ದಾಟಿ ಗಾಬರಿಯಿಂದ ಬಂದರು.

"ಏನ್ ಅಳ್ಯಾಕತ್ತೀಪಾ? ರಸ್ತೇಕ ಹೊಲಾ ತಗೋತಾರೇನ ಮತ್ತ?"

"ಇಲ್ಲ ಕಾಕಾ, ಆ ಬನ್ನಿಗಿಡಾ ಎಷ್ಟ ದೂರ ಐತಿ ನೋಡಾಕತ್ತೀನಿ."

ಕಾಕಾಗೆ ಜೀವ ಬಂದಂತಾಯಿತು. ಹಣೆಗೆ ಕೈ ಅಡ್ಡ ಹಿಡಿದು ಗಿಡವನ್ನು ಒಮ್ಮೆ ನೋಡಿದರು. "ಹನ್ನೆರಡ ಸರಪಳಿ ಆಗ್ತೈತಿ. ಇದಕ್ಕ ಮಷೀನ್ ಯಾಕ ಬೇಕು?"

ಗುಂಡಿ ಒತ್ತಿದೆ. 134 ಯಾರ್ಡ್ ಎಂದು ತೋರಿಸಿತು. ನಮ್ಮ ಭೂಮಾಪನದ ಸರಪಳಿ 33 ಅಡಿ, ಅಂದರೆ ಸರಿಯಾಗಿ 11 ಯಾರ್ಡ್. ಹನ್ನೆರಡು ಸರಪಳಿಗೆ 132. ಇಡೀ ಆಯುಷ್ಯ ಆ ನೆಲದ ಮೇಲೆ ರಂಟೆ ಹೊಡೆದ ಕಣ್ಣು ಎರಡೇ ಯಾರ್ಡ್ ತಪ್ಪಿತ್ತು.

ಹಾಗಾದರೆ ಯಂತ್ರ ಯಾಕೆ ಬೇಕು ಎಂಬ ಕಾಕಾನ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಅವರ ಕಣ್ಣಿಗೆ ಆ ಹೊಲ ಗೊತ್ತು, ಆ ಗಿಡದ ಎತ್ತರ ಗೊತ್ತು. ಗಾಲ್ಫ್ ಆಡಲು ನಾವು ಹೋಗುವುದು ನಮ್ಮ ಕಣ್ಣಿಗೆ ಪರಿಚಯವೇ ಇಲ್ಲದ ನೆಲಕ್ಕೆ. ಹುಬ್ಬಳ್ಳಿಯಿಂದ ಜನಶತಾಬ್ದಿ ಹತ್ತಿ ಬೆಂಗಳೂರಿಗೆ, ಇಲ್ಲವೇ ಇನ್ನೂ ಮುಂದೆ ಮೈಸೂರಿಗೆ, ವರ್ಷಕ್ಕೆ ನಾಲ್ಕಾರು ಸಲ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಲ್ಲಿ ನಿತ್ಯ ಆಡುವವರಿಗೆ ಪ್ರತಿ ಮರವೂ ಒಂದು ಮೈಲಿಗಲ್ಲು. ನಮಗೆ ಅಲ್ಲಿ ಮರ ಬರೀ ಮರ. ನಡುವೆ ಒಂದು ತಗ್ಗು ಇದ್ದು ಅದರ ನೆಲ ಕಣ್ಣಿಗೆ ಬೀಳದಿದ್ದರೆ ಗ್ರೀನ್ (ಕುಳಿಯೂ ಅದರಲ್ಲಿ ನೆಟ್ಟ ಬಾವುಟದ ಕೋಲು, ಅಂದರೆ ಪಿನ್ ಕೂಡ ಇರುವ ನುಣ್ಣನೆ ಹುಲ್ಲಿನ ಜಾಗ) ಇದ್ದದ್ದಕ್ಕಿಂತ ಹತ್ತಿರ ಕಾಣುತ್ತದೆ. ನವಲಗುಂದದ ಕಡೆಯ ಬಯಲಿನಲ್ಲಿ ಬೆಳೆದವರು ಇದನ್ನು ಬಲ್ಲರು. ಹತ್ತಿರವೇ ಕಾಣುವ ಊರು ನಡೆಯುತ್ತಾ ಹೋದಂತೆ ದೂರ ಸರಿಯುತ್ತದೆ.

ಮುಂದಿನದೆಲ್ಲ ಆ ಸರಪಳಿಯ ಲೆಕ್ಕದ ಮೇಲೆಯೇ ನಿಂತಿದೆ, ಅದಕ್ಕೆ ಇನ್ನೊಂದು ಮಾತು. ಗಾಲ್ಫ್‌ನ ದಾಂಡಿಗೆ ಕ್ಲಬ್ ಎನ್ನುತ್ತಾರೆ, ಅದರಲ್ಲಿ ಐರನ್ ಎಂಬವಕ್ಕೆ ಸಂಖ್ಯೆ ಇರುತ್ತದೆ, ಸಂಖ್ಯೆ ಹೆಚ್ಚಿದಂತೆ ಚೆಂಡು ಹೋಗುವ ದೂರ ಕಡಿಮೆ. ನಮ್ಮಂಥ ಸಾಮಾನ್ಯ ಆಟಗಾರರಿಗೆ ಒಂದು ಐರನ್‌ನ ದೂರಕ್ಕೂ ಅದರ ಪಕ್ಕದ ಐರನ್‌ನ ದೂರಕ್ಕೂ ಇರುವ ಅಂತರ ಹತ್ತರಿಂದ ಹನ್ನೆರಡು ಯಾರ್ಡ್. ಅಂದರೆ ಒಂದು ಸರಪಳಿ, ಗುಂಟೆಯ ಒಂದು ಬದಿ. ದೂರದ ಅಂದಾಜಿನಲ್ಲಿ ಒಂದು ಸರಪಳಿ ತಪ್ಪಿದರೆ ಒಂದು ಕ್ಲಬ್ ತಪ್ಪಿತು. ಕ್ರಿಕೆಟ್ ಪಿಚ್ 22 ಯಾರ್ಡ್, ಅಂದರೆ ಎರಡು ಸರಪಳಿ. ಏಳು ಪಿಚ್ ಉದ್ದಕ್ಕೆ ಜೋಡಿಸಿದರೆ 154 ಯಾರ್ಡ್. ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ಈ ಅಳತೆ ಬೇಗ ಒಗ್ಗುತ್ತದೆ.

ಯಾವ ಸಾಧನ ಕೊಳ್ಳಬೇಕು ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಇಷ್ಟೇ: ಈ ಸಾಧನ ಎಷ್ಟು ಸರಪಳಿ ತಪ್ಪಬಹುದು, ಮತ್ತು ನೀವು ಆಡುವ ಜಾಗದಲ್ಲಿ ಅದು ಕೆಲಸ ಮಾಡುತ್ತದೆಯೇ?

ದುಡ್ಡು ಬಿಚ್ಚುವ ಮೊದಲು: ಮಾರ್ಕರ್, ಹೆಜ್ಜೆ, ಕ್ಯಾಡಿ

ಬಹುತೇಕ ಕೋರ್ಸ್‌ಗಳಲ್ಲಿ ಫೇರ್‌ವೇಯ (ಗ್ರೀನ್ ತನಕದ ಹುಲ್ಲಿನ ಹಾದಿ) ಬದಿಗೋ ನಡುವೆಯೋ 100, 150, 200ರ ಗುರುತುಗಳಿರುತ್ತವೆ. ಸಾಮಾನ್ಯವಾಗಿ 100ಕ್ಕೆ ಕೆಂಪು, 150ಕ್ಕೆ ಬಿಳಿ, 200ಕ್ಕೆ ನೀಲಿ. ಎಲ್ಲ ಕಡೆ ಇದೇ ಬಣ್ಣ ಎಂದು ನಂಬಿ ಕೂರಬೇಡಿ. ಮೊದಲ ಟೀ (ಆಟ ಶುರು ಮಾಡುವ ಜಾಗ) ಹತ್ತಿರವೇ ಎರಡು ವಿಷಯ ಕೇಳಿಕೊಳ್ಳಿ. ಅಳತೆ ಗ್ರೀನ್‌ನ ನಡುವಿಗೋ ಮುಂಚೂಣಿಗೋ? ಯಾರ್ಡೋ ಮೀಟರೋ? 150 ಮೀಟರ್ ಎಂದರೆ 164 ಯಾರ್ಡ್. ಇದನ್ನು ಕೇಳದೆ ಬಿಟ್ಟರೆ ಮೊದಲ ಹೊಡೆತಕ್ಕೇ ಒಂದು ಸರಪಳಿಗಿಂತ ಹೆಚ್ಚು ಕಳೆದುಕೊಂಡಿರಿ.

ಮಾರ್ಕರ್‌ನಿಂದ ಚೆಂಡಿನ ತನಕ ಹೆಜ್ಜೆ ಹಾಕಿ ಕೂಡಿಸುವುದು, ಇಲ್ಲವೇ ಕಳೆಯುವುದು ಹಳೆಯ ಪದ್ಧತಿ. ಅದು ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಜ್ಜೆಯನ್ನು ಪಳಗಿಸಿಕೊಳ್ಳಬೇಕು, ಅಷ್ಟೇ. ಅಂಗಳದಲ್ಲೋ ಹೊಲದಲ್ಲೋ ಟೇಪ್ ಹಿಡಿದು 33 ಅಡಿ ಗುರುತು ಮಾಡಿ, ಅದನ್ನು ಹನ್ನೊಂದು ಹೆಜ್ಜೆಯಲ್ಲಿ ಮುಗಿಸುವಂತೆ ವಾರವಿಡೀ ನಡೆಯಿರಿ. ಆಮೇಲೆ ನಿಮ್ಮ ಹೆಜ್ಜೆಯೇ ಯಾರ್ಡ್.

ಇನ್ನು ಕ್ಯಾಡಿ, ಅಂದರೆ ಬ್ಯಾಗು ಹೊತ್ತು ಜೊತೆಗೆ ನಡೆದು ಸಲಹೆ ಕೊಡುವವರು. ಒಳ್ಳೆಯ ಕ್ಯಾಡಿ ಕೊಡುವುದು ಬರೀ ದೂರವಲ್ಲ, ನಿರ್ಣಯ. ಗ್ರೀನ್ ಯಾವ ಕಡೆ ಇಳಿಯುತ್ತದೆ, ಬೆಳಗಿನ ತೇವಕ್ಕೆ ಚೆಂಡು ಎಷ್ಟು ಉರುಳುತ್ತದೆ, ಮರಗಳ ಮೇಲೆ ಗಾಳಿ ಎತ್ತ ಬೀಸುತ್ತಿದೆ, ಇದಾವುದನ್ನೂ ಯಾವ ಲೇಸರ್ ಹೇಳುವುದಿಲ್ಲ. ಮೈಸೂರಿನಲ್ಲಿ ಒಮ್ಮೆ ಹಿರಿಯ ಕ್ಯಾಡಿಯೊಬ್ಬರು ನನ್ನ ಕೈಯಲ್ಲಿದ್ದ ಆರನೇ ಐರನ್ ನೋಡಿ ತಲೆ ಅಲ್ಲಾಡಿಸಿ, "ಬೇಡ ಸಾರ್, ಏಳು ಕೊಡ್ತೀನಿ, ಮುಂದೆ ಬಿದ್ರೂ ತಾನೇ ಹತ್ತುತ್ತೆ" ಎಂದರು. ಯಂತ್ರದ ಸಂಖ್ಯೆಗೆ ಆರೇ ಸರಿಯಿತ್ತು. ಗ್ರೀನ್‌ನ ಮುಂದಿನ ನೆಲ ಎಷ್ಟು ಗಟ್ಟಿಯಾಗಿದೆ ಎಂಬುದು ಅವರಿಗೆ ಮಾತ್ರ ಗೊತ್ತಿತ್ತು. ಏಳು ಹೊಡೆದೆ, ಚೆಂಡು ಮುಂದೆ ಬಿದ್ದು ಉರುಳಿ ಗ್ರೀನ್ ಹತ್ತಿತು. ಲೇಸರ್ ಕೊಂಡವರು ಕ್ಯಾಡಿಯನ್ನು ಬ್ಯಾಗು ಹೊರುವವನಂತೆ ನೋಡುವುದನ್ನು ಕಂಡಿದ್ದೇನೆ. ಅದು ಮರ್ಯಾದೆಯಲ್ಲ, ಆಟಕ್ಕೂ ನಷ್ಟ.

ಆದರೆ ಕ್ಯಾಡಿಗಳೆಲ್ಲ ಒಂದೇ ತೆರನಲ್ಲ, ಹೊಸಬರು ನಿಮ್ಮಷ್ಟೇ ಅಂದಾಜಿನಲ್ಲಿರುತ್ತಾರೆ. ಜೊತೆಗೆ ನಿಮ್ಮ ಏಳನೇ ಐರನ್ ಎಷ್ಟು ದೂರ ಹೋಗುತ್ತದೆ ಎಂಬುದು ಮೊದಲ ನಾಲ್ಕು ಹೋಲ್ (ಟೀಯಿಂದ ಕುಳಿಯ ತನಕದ ಒಂದೊಂದು ಭಾಗ) ಮುಗಿಯುವ ತನಕ ಯಾರಿಗೂ ತಿಳಿಯುವುದಿಲ್ಲ.

ಮೊಬೈಲ್ ಆ್ಯಪ್

ಗಾಲ್ಫ್ ಆ್ಯಪ್‌ಗಳಲ್ಲಿ ಹಲವು ಪುಕ್ಕಟೆಯಾಗಿಯೇ ಸಿಗುತ್ತವೆ. ಫೋನು ಉಪಗ್ರಹಗಳಿಂದ ನಿಮ್ಮ ಜಾಗ ಕಂಡುಕೊಂಡು, ತನ್ನಲ್ಲಿರುವ ಕೋರ್ಸ್ ನಕ್ಷೆಗೆ ಹೋಲಿಸಿ, ಗ್ರೀನ್‌ನ ಮುಂದೆ, ನಡು, ಹಿಂದೆ ಎಂದು ಮೂರು ಸಂಖ್ಯೆ ಕೊಡುತ್ತದೆ. ಬಯಲಿನಲ್ಲಿ ಜಾಗದ ಲೆಕ್ಕ ಮೂರರಿಂದ ಐದು ಮೀಟರ್ ಆಚೀಚೆ ಆಗಬಹುದು. ಅರ್ಧ ಸರಪಳಿ ಎನ್ನಿ. ಮರದ ಕೆಳಗೆ ಇನ್ನೂ ಸ್ವಲ್ಪ ಹೆಚ್ಚು.

ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಹದಿನೆಂಟು ಹೋಲ್ ಮುಗಿಯುವಷ್ಟರಲ್ಲಿ ಬ್ಯಾಟರಿ ಬಸವಳಿಯುತ್ತದೆ, ಪ್ರತಿ ಹೊಡೆತಕ್ಕೂ ಕಿಸೆಯಿಂದ ತೆಗೆಯುವುದು ಕಿರಿಕಿರಿ. ಕೆಲವು ಕ್ಲಬ್‌ಗಳಲ್ಲಿ ಫೋನ್ ಬಳಕೆಗೆ ಕಟ್ಟುಪಾಡೂ ಉಂಟು. ಇಷ್ಟಾದರೂ ಎಲ್ಲರ ಫೋನಿನಲ್ಲಿ ಒಂದು ಆ್ಯಪ್ ಇರಲಿ ಎನ್ನುತ್ತೇನೆ, ಕಾರಣ ಮುಂದೆ ಬರುತ್ತದೆ.

ಜಿಪಿಎಸ್ ವಾಚ್

ಕೈಗೆ ಕಟ್ಟಿದರೆ ಮುಗಿಯಿತು. ಚೆಂಡಿನ ಬಳಿ ನಡೆದು ಬರುತ್ತಾ ಮಣಿಕಟ್ಟು ತಿರುವಿದರೆ ಮೂರು ಸಂಖ್ಯೆ ಸಿದ್ಧ. ಕೈ ನಡುಗಿದರೂ, ಕನ್ನಡಕ ಹಾಕಿದರೂ, ಬೆಳಗಿನ ಮಂಜು ಮುಸುಕಿದರೂ ಅದಕ್ಕೆ ಅಡ್ಡಿಯಿಲ್ಲ. ಗುಡ್ಡದ ಆಚೆಗಿರುವ ಗ್ರೀನ್‌ಗೂ ದೂರ ಹೇಳುತ್ತದೆ. ಬಂಕರ್ (ಮರಳಿನ ಗುಂಡಿ) ದಾಟಲು ಎಷ್ಟು, ನೀರಿನ ಅಂಚಿಗೆ ಎಷ್ಟು ಎಂಬುದನ್ನೂ ತೋರಿಸುತ್ತದೆ. ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನಂಥ ನೀರಿರುವ ಕೋರ್ಸ್‌ನಲ್ಲಿ ಹೊಸಬರಿಗೆ ಇದು ದೊಡ್ಡ ಧೈರ್ಯ.

ಕೊರತೆ ಎರಡು. ಮೊದಲನೆಯದು, ಅಂದು ಪಿನ್ ಎಲ್ಲಿ ನೆಟ್ಟಿದ್ದಾರೆ ಎಂಬುದು ವಾಚ್‌ಗೆ ಗೊತ್ತಿಲ್ಲ. ಗ್ರೀನ್ ಮುಂದಿನಿಂದ ಹಿಂದಕ್ಕೆ 25ರಿಂದ 35 ಯಾರ್ಡ್ ಇರುವುದು ಸಾಮಾನ್ಯ, ಅಂದರೆ ಎರಡು ಮೂರು ಸರಪಳಿ. ನಡುವಿನ ಸಂಖ್ಯೆ ನಂಬಿ ಹೊಡೆದು ಪಿನ್ ಹಿಂಬದಿಯಲ್ಲಿದ್ದರೆ ಹದಿನೈದು ಯಾರ್ಡ್‌ನ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಉಳಿಯುತ್ತದೆ.

ಎರಡನೆಯದು ನಮ್ಮ ಊರಿನವರ ಪಾಲಿಗೆ ಇನ್ನೂ ದೊಡ್ಡದು. ನಕ್ಷೆಯಲ್ಲಿ ಇಲ್ಲದ ಜಾಗದಲ್ಲಿ ಆ ವಾಚ್ ಬರೀ ಗಡಿಯಾರ. ಅಮ್ಮಿನಬಾವಿ ದಾರಿಯ ಹೊಲ ಯಾವ ಕಂಪನಿಯ ನಕ್ಷೆಯಲ್ಲಿದೆ? ವರ್ಷದ ಮುನ್ನೂರು ದಿನ ಹೊಲದಲ್ಲೋ ಖಾಲಿ ಲೇಔಟಿನಲ್ಲೋ ಚೆಂಡು ಹೊಡೆದು ನಾಲ್ಕಾರು ದಿನ ಕೋರ್ಸ್‌ಗೆ ಹೋಗುವವರಿಗೆ ಆ ಮುನ್ನೂರು ದಿನವೂ ಅದರಿಂದ ಉಪಯೋಗವಿಲ್ಲ. ಬೆಂಗಳೂರಿನ ಸದಸ್ಯರಿಗೆ ಯಾರಾದರೂ ವಾಚ್ ಶಿಫಾರಸು ಮಾಡಿದರೆ ನಾನು ವಾದಿಸುವುದಿಲ್ಲ. ಅದೇ ಸಲಹೆ ಧಾರವಾಡಕ್ಕೆ ಹೊಂದುವುದಿಲ್ಲ.

ಲೇಸರ್

ಲೇಸರ್ ರೇಂಜ್‌ಫೈಂಡರ್ ಒಂದೇ ಕಣ್ಣಿಗೆ ಹಿಡಿಯುವ ಪುಟ್ಟ ದುರ್ಬೀನು. ಹೆಚ್ಚಿನವು ಆರು ಪಟ್ಟು ಹಿಗ್ಗಿಸಿ ತೋರಿಸುತ್ತವೆ. ಗುಂಡಿ ಒತ್ತಿದರೆ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನ ಚಿಕ್ಕ ಚಿಕ್ಕ ಮಿಡಿತಗಳು ಹೊರಟು, ಗುರಿಗೆ ತಾಗಿ ಮರಳುತ್ತವೆ. ಹೋಗಿ ಬರಲು ಹಿಡಿದ ಹೊತ್ತಿನಿಂದ ದೂರದ ಲೆಕ್ಕ. 150 ಯಾರ್ಡ್ ದೂರದ ಪಿನ್‌ಗೆ ಬೆಳಕು ಹೋಗಿ ಬರುವುದು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ. ಒಂದು ಯಾರ್ಡ್‌ನ ವ್ಯತ್ಯಾಸ ಹಿಡಿಯಬೇಕೆಂದರೆ ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿ ಅದರಲ್ಲಿ ಆರು ಭಾಗ ಎಣಿಸಬೇಕು. ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ ಅದನ್ನು ದಿನಕ್ಕೆ ನೂರು ಸಲ ತಪ್ಪದೆ ಮಾಡುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಇಂದಿಗೂ ಬೆರಗು. ನಿಖರತೆ ಸಾಮಾನ್ಯವಾಗಿ ಒಂದು ಯಾರ್ಡ್ ಆಚೀಚೆ, ಅಂದರೆ ಸರಪಳಿಯ ಹನ್ನೊಂದನೇ ಒಂದು ಪಾಲು.

ಅದಕ್ಕೆ ನಕ್ಷೆ ಬೇಡ. ಬನ್ನಿಗಿಡಕ್ಕೂ ಅಳೆಯುತ್ತದೆ, ಹೊಲದ ನಡುವೆ ನೆಟ್ಟ ಕೋಲಿಗೂ ಅಳೆಯುತ್ತದೆ. ನನ್ನ ಶಿಫಾರಸು ಲೇಸರ್ ಕಡೆಗೆ ವಾಲುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ಕಷ್ಟ ಏನೆಂದರೆ ನಿಮ್ಮ ಕೈ. ಪಿನ್‌ನ ಕೋಲು ಎರಡು ಅಂಗುಲಕ್ಕಿಂತ ದಪ್ಪ ಇರುವಂತಿಲ್ಲ, ಬಹಳಷ್ಟು ಕಡೆ ಅದಕ್ಕಿಂತ ತೆಳ್ಳಗೇ ಇರುತ್ತದೆ. 150 ಯಾರ್ಡ್‌ನಲ್ಲಿ ಕೈ ಒಂದೇ ಡಿಗ್ರಿ ಅಲುಗಿದರೆ ಗುರಿ ಎರಡೂವರೆ ಯಾರ್ಡ್ ಪಕ್ಕಕ್ಕೆ ಸರಿಯುತ್ತದೆ. ಬೆಳಕು ಕೋಲು ಬಿಟ್ಟು ಹಿಂದಿನ ಮರಕ್ಕೆ ಬಡಿಯುತ್ತದೆ, ಯಂತ್ರ 150 ಬದಲು 175 ತೋರಿಸುತ್ತದೆ. ಕ್ಲಬ್ ಬದಲಿಸಿ ಹೊಡೆದವನ ಚೆಂಡು ಗ್ರೀನ್ ದಾಟಿ ಪೊದೆಯಲ್ಲಿ.

ಇದಕ್ಕೆ ಪರಿಹಾರ ಯಂತ್ರದಲ್ಲೂ ಇದೆ, ನಮ್ಮಲ್ಲೂ ಇದೆ. ಯಂತ್ರದಲ್ಲಿ ಪಿನ್ ಹಿಡಿಯುವ ಸೌಲಭ್ಯ ಇರಬೇಕು. ಹತ್ತಿರದ ವಸ್ತುವಿಗೆ ಆದ್ಯತೆ ಕೊಟ್ಟು, ಪಿನ್ ಸಿಕ್ಕ ಕೂಡಲೇ ಅದು ಕೈಯಲ್ಲಿ ಸಣ್ಣಗೆ ಕಂಪಿಸುತ್ತದೆ. ನಮ್ಮ ಕಡೆಯಿಂದ: ಎರಡೂ ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಅರ್ಧ ಬಿಟ್ಟು ತಡೆದು, ಮೊದಲು ಬಾವುಟದ ಬಟ್ಟೆಗೆ ಗುರಿಯಿಟ್ಟು ನಿಧಾನವಾಗಿ ಕೋಲಿನ ಮೇಲೆ ಆಡಿಸಿ. ಆಮೇಲೆ ಗ್ರೀನ್‌ನ ಮುಂದಿನ ಬಂಕರಿನ ದಡಕ್ಕೂ ಹಿಂದಿನ ಮರಕ್ಕೂ ಒಂದೊಂದು ಸಲ ಅಳೆಯಿರಿ. ಪಿನ್‌ನ ಸಂಖ್ಯೆ ಆ ಎರಡರ ನಡುವೆ ಬಿದ್ದರೆ ನಂಬಬಹುದು. ನಾನು ಒಮ್ಮೆ ಬಂದ ಸಂಖ್ಯೆಯನ್ನು ಎಂದೂ ನಂಬುವುದಿಲ್ಲ, ಎರಡು ಸಲ ಒಂದೇ ಬರಬೇಕು.

ಧಾರವಾಡದ ಡಿಸೆಂಬರ್ ಬೆಳಗಿನಂಥ ಮಂಜಿನಲ್ಲಿ ಲೇಸರ್ ಸೋಲುತ್ತದೆ, ಬೆಳಕು ನೀರ ಹನಿಗಳಿಗೇ ತಾಗಿ ಮರಳುತ್ತದೆ. ಜೋರು ಮಳೆಯಲ್ಲೂ ಹಾಗೆಯೇ. ಏಪ್ರಿಲ್ ಮಧ್ಯಾಹ್ನ ಎರೆ ನೆಲದ ಮೇಲೆ ಬಿಸಿಲ್ಗುದುರೆ ಎದ್ದರೆ ಕೋಲು ಹಾವಿನಂತೆ ಹರಿದಾಡುತ್ತದೆ, ಗುರಿ ಹಿಡಿಯಲು ಹೊತ್ತು ಬೇಕು. ನಿಂತ ನೀರಿನ ಮೇಲ್ಮೈಯಿಂದ ಬೆಳಕು ಸರಿಯಾಗಿ ಮರಳುವುದಿಲ್ಲ, ಆಚೆ ದಡದ ಗಿಡಕ್ಕೆ ಅಳೆಯಬೇಕು. ಕಣ್ಣಿಗೆ ಕಾಣದ ಗ್ರೀನ್‌ಗೆ ಲೇಸರ್ ಏನೂ ಹೇಳಲಾರದು. ಫೋನಿನಲ್ಲಿ ಒಂದು ಆ್ಯಪ್ ಇರಲಿ ಎಂದಿದ್ದು ಇದಕ್ಕೆ. ಹದಿನೆಂಟರಲ್ಲಿ ಎರಡೋ ಮೂರೋ ಕುರುಡು ಹೊಡೆತ ಬರುತ್ತವೆ, ಅಷ್ಟಕ್ಕೆ ಫೋನ್ ಸಾಕು.

ಕೊಳ್ಳುವಾಗ ಎಲ್ಲಿ ಎಡವುತ್ತಾರೆ

ನಾನೇ ಎಡವಿದ್ದೇನೆ. ನನ್ನ ಮೊದಲ ಯಂತ್ರ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು. ಚಿತ್ರದಲ್ಲಿ ಹಸಿರು ಹುಲ್ಲು, ಬಾವುಟ ಎಲ್ಲ ಇತ್ತು. ಹೊಲಕ್ಕೆ ಒಯ್ದು ಕೋಲಿಗೆ ಹಿಡಿದರೆ ಪ್ರತಿ ಸಲವೂ ಹಿಂದಿನ ಬೇಲಿಯ ದೂರವೇ ಬರುತ್ತಿತ್ತು. ಮೂರು ದಿನ ನನ್ನ ಕೈಯನ್ನೇ ಬೈದುಕೊಂಡೆ. ಆಮೇಲೆ ತಿಳಿಯಿತು, ಅದು ಬೇಟೆಗಾರರಿಗೆ ಮಾಡಿದ ಯಂತ್ರ. ಪೊದೆಯ ಹಿಂದೆ ನಿಂತ ಪ್ರಾಣಿಯ ದೂರ ಬೇಕಾದವರಿಗೆ ಅಡ್ಡ ಬಂದ ಕೊಂಬೆಯನ್ನು ಬಿಟ್ಟು ದೂರದ ವಸ್ತುವಿಗೆ ಆದ್ಯತೆ ಕೊಡುವುದೇ ಸರಿ. ಗಾಲ್ಫ್‌ಗೆ ಬೇಕಾದದ್ದು ಅದರ ತಿರುಗುಮುರುಗು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ದುಡ್ಡು ಹೋಯಿತು, ಅದಕ್ಕಿಂತ ಹೆಚ್ಚಾಗಿ ಒಂದು ಇಡೀ ಬೇಸಿಗೆ ತಪ್ಪು ದೂರ ಕಲಿಯುವ ಅಪಾಯದಲ್ಲಿದ್ದೆ. ಕೊಳ್ಳುವ ಮುಂಚೆ ಪಿನ್ ಹಿಡಿಯುವ ಸೌಲಭ್ಯ ಇದೆಯೇ ಎಂದು ಬರಹದಲ್ಲಿ ನೋಡಿಕೊಳ್ಳಿ.

ಬಡಗಿಗಳು, ಇಂಟೀರಿಯರ್ ಕೆಲಸದವರು ಬಳಸುವ ಲೇಸರ್ ಟೇಪ್ ಆಗುವುದಿಲ್ಲವೇ ಎಂದು ಹುಬ್ಬಳ್ಳಿಯ ಗೆಳೆಯರೊಬ್ಬರು ಕೇಳಿದ್ದರು. ಆಗುವುದಿಲ್ಲ. ಅದು ಗೋಡೆಯಿಂದ ಗೋಡೆಗೆ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ಸಾಧನ. ಸಾಮಾನ್ಯವಾಗಿ ನಲವತ್ತು ಅರವತ್ತು ಮೀಟರಿಗೆ ಅದರ ಮಿತಿ, ಬಿಸಿಲಿನಲ್ಲಿ ಅದರ ಕೆಂಪು ಚುಕ್ಕೆ ಕಾಣುವುದೂ ಇಲ್ಲ.

ಪೆಟ್ಟಿಗೆಯ ಮೇಲೆ 1000 ಯಾರ್ಡ್ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ದೊಡ್ಡ, ಹೊಳೆಯುವ ವಸ್ತುವಿಗೆ. ತೆಳ್ಳನೆಯ ಕೋಲಿಗೆ ಅದರ ಅರ್ಧವೂ ಸಿಗುವುದು ಕಷ್ಟ. ಅಷ್ಟು ದೂರ ಬೇಕಾಗುವುದೂ ಇಲ್ಲ. ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್, ಅಂದರೆ ಸುಮಾರು 1648 ಯಾರ್ಡ್. ಮೂರು ದೊಡ್ಡ ಪಾರ್-5 (ಐದು ಹೊಡೆತದಲ್ಲಿ ಮುಗಿಸಬೇಕಾದ) ಹೋಲ್‌ಗಳನ್ನು ಅದರ ಮೇಲೆ ಸಾಲಾಗಿ ಮಲಗಿಸಬಹುದು. ಒಂದು ಹೊಡೆತಕ್ಕೆ ನಿಮಗೆ ಬೇಕಾದ ಅಳತೆ ಅದರ ಆರನೇ ಒಂದು ಪಾಲೂ ಅಲ್ಲ. 250 ಯಾರ್ಡ್ ಒಳಗೆ ಕೋಲು ಚಕ್ಕನೆ ಹಿಡಿದರೆ ಸಾಕು. ದೊಡ್ಡ ಸಂಖ್ಯೆಗೆ ಹೆಚ್ಚು ದುಡ್ಡು ಕೊಡಬೇಡಿ.

ದುಡ್ಡು ಕೊಡಬೇಕಾದದ್ದು ಗಾಜಿಗೆ. ಸಂಜೆಯ ಹೊತ್ತು, ಹಿಂದೆ ದಟ್ಟ ಮರಗಳಿರುವಾಗ ಪಿನ್ ಕಾಣುವುದೇ ಇಲ್ಲ ಎಂದರೆ ಒಳಗಿನ ಲೇಸರ್ ಎಷ್ಟು ಜಾಣನಿದ್ದರೇನು? ಒಳಗಿನ ಅಂಕಿಗಳ ಬಣ್ಣವನ್ನೂ ನೋಡಿ. ಕಪ್ಪು ಅಂಕಿ ನಮ್ಮ ಬಿಸಿಲಿಗೆ ಚೆನ್ನ, ಸಂಜೆ ಮರದ ನೆರಳಿನಲ್ಲಿ ಮುಳುಗಿಹೋಗುತ್ತದೆ. ಕೆಂಪು ಅಂಕಿ ಸಂಜೆಗೆ ಚೆನ್ನ, ಸುಡು ಮಧ್ಯಾಹ್ನದಲ್ಲಿ ಮಂಕಾಗಬಹುದು. ನೀವು ಯಾವ ಹೊತ್ತು ಆಡುತ್ತೀರಿ ಎಂಬುದರ ಮೇಲೆ ಆರಿಸಿ. ಕನ್ನಡಕದವರು ಕನ್ನಡಕ ತೆಗೆಯದೆ ಇಡೀ ಚಿತ್ರ ಕಾಣುತ್ತದೆಯೇ ಎಂದು ನೋಡಬೇಕು. ಕಣ್ಣಿಡುವ ತುದಿಯಲ್ಲಿ ತಿರುಗಿಸುವ ಉಂಗುರ ಇರುತ್ತದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ, ಅಂಕಿ ಮಂಜಾಗಿ ಕಾಣುತ್ತದೆ ಎಂದು ಯಂತ್ರವನ್ನು ದೂರುತ್ತಾರೆ. ಅಂಕಿ ಚೂಪಾಗುವ ತನಕ ಅದನ್ನು ತಿರುಗಿಸಿ, ಆಮೇಲೆ ಮರೆತುಬಿಡಿ.

ಬ್ಯಾಟರಿಯ ವಿಚಾರ. ಅನೇಕ ಯಂತ್ರಗಳು ಸಿಆರ್2 ಎಂಬ ಗಿಡ್ಡ ಲಿಥಿಯಂ ಬ್ಯಾಟರಿ ಬೇಡುತ್ತವೆ. ಅದು ತಿಂಗಳುಗಟ್ಟಲೆ ಬಾಳುತ್ತದೆ, ಆದರೆ ಎಲ್ಲ ಅಂಗಡಿಯಲ್ಲೂ ಸಿಗುವ ಮಾಲಲ್ಲ. ಒಂದು ಹೆಚ್ಚಿನದನ್ನು ಬ್ಯಾಗಿನಲ್ಲಿಟ್ಟುಕೊಳ್ಳಿ. ಚಾರ್ಜ್ ಮಾಡುವ ಯಂತ್ರವಾದರೆ ಫೋನಿನ ವೈರೇ ಸಾಕು, ರೈಲಿನಲ್ಲೇ ತುಂಬಿಸಿಕೊಳ್ಳಬಹುದು. ಮಳೆ ಹನಿ ತಡೆಯುವ ಗುಣ ಇರಲೇಬೇಕು, ನಮ್ಮ ಎರೆ ಮಣ್ಣಿನ ಧೂಳು ಗಾಜಿಗೆ ಕೂರದಂತೆ ಮುಚ್ಚುವ ಚೀಲವೂ ಬೇಕು. ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು, ಬುಶ್ನೆಲ್, ನಿಕಾನ್‌ನಂಥ ಹೆಸರಾಂತ ಕಂಪನಿಗಳ ಮೇಲ್ದರ್ಜೆಯವು ಅದರ ಹಲವು ಪಟ್ಟು. ಇವುಗಳ ಲೇಸರ್ ಕಣ್ಣಿಗೆ ಅಪಾಯವಿಲ್ಲದ ದರ್ಜೆಯದು, ಆದರೆ ದುರ್ಬೀನಿನಂತೆಯೇ ಇದರಲ್ಲೂ ಸೂರ್ಯನನ್ನು ನೋಡಬಾರದು. ಮಕ್ಕಳ ಕೈಗೆ ಕೊಡುವಾಗ ಇದನ್ನು ಮೊದಲು ಹೇಳಿ.

ಸ್ಲೋಪ್ ಬೇಕೇ?

ಸ್ಲೋಪ್ ಎಂದರೆ ಏರಿಳಿತವನ್ನೂ ಲೆಕ್ಕ ಹಾಕಿ ದೂರ ಹೇಳುವ ಸೌಲಭ್ಯ. ಬೇಕು, ಆದರೆ ಆಫ್ ಮಾಡಲು ಬರುವಂಥದ್ದು. ಯಾಕೆ ಬೇಕು ಎಂಬುದನ್ನು ಒಂದು ಲೆಕ್ಕದಲ್ಲಿ ನೋಡೋಣ. ನೀವು ದಿನ್ನೆಯ ಮೇಲಿದ್ದೀರಿ, ಪಿನ್ 150 ಯಾರ್ಡ್ ದೂರದಲ್ಲಿ ಒಂದು ಸರಪಳಿ, ಅಂದರೆ 11 ಯಾರ್ಡ್ ಕೆಳಗಿದೆ. ಶಾಲೆಯ ತ್ರಿಕೋನದ ಲೆಕ್ಕ ಮಾಡಿದರೆ ಅಡ್ಡ ದೂರ 149.6. ವ್ಯತ್ಯಾಸವೇ ಇಲ್ಲದಂತೆ! ಆದರೂ 150ರ ಕ್ಲಬ್ ಹೊಡೆದರೆ ಚೆಂಡು ಗ್ರೀನ್ ದಾಟುತ್ತದೆ. ಯಾಕೆಂದರೆ ಐರನ್ನಿನ ಚೆಂಡು ಇಳಿಯುವುದು ಸುಮಾರು 45 ಡಿಗ್ರಿ ಕೋನದಲ್ಲಿ. ನೆಲ 11 ಯಾರ್ಡ್ ಕೆಳಗಿದ್ದರೆ ಅದು ನೆಲ ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಅಷ್ಟೇ ಮುಂದೆ ಹೋಗಿರುತ್ತದೆ. ಹಾಗಾಗಿ ಆಡಬೇಕಾದ ದೂರ 139, ಒಂದು ಕ್ಲಬ್ ಕಡಿಮೆ. ಏರಿಗೆ ಇದರ ಉಲ್ಟಾ. ಸ್ಲೋಪ್ ಇರುವ ಯಂತ್ರ ಓರೆಯನ್ನು ಅಳೆದು ಈ ಲೆಕ್ಕ ತಾನೇ ಮಾಡುತ್ತದೆ.

ಈಗ ನಿಯಮ. 2019ರ ಗಾಲ್ಫ್ ನಿಯಮಗಳಿಂದ ದೂರ ಅಳೆಯುವ ಸಾಧನಕ್ಕೆ ಸಾಮಾನ್ಯವಾಗಿ ಅನುಮತಿ ಇದೆ, ಬೇಡವೆಂದರೆ ಸಮಿತಿ ಸ್ಥಳೀಯ ನಿಯಮ ಮಾಡಿ ನಿಷೇಧಿಸಬಹುದು. 2021ರಲ್ಲಿ ಪಿಜಿಎ ಚಾಂಪಿಯನ್‌ಶಿಪ್‌ನಂಥ ದೊಡ್ಡ ಪಂದ್ಯದಲ್ಲೂ ಅದಕ್ಕೆ ಅನುಮತಿ ಕೊಟ್ಟರು. ಆದರೆ ಏರಿಳಿತ ಅಳೆಯುವುದು, ಸಾಧನದಿಂದ ಗಾಳಿ ಅಳೆಯುವುದು ನಿಯಮಕ್ಕೆ ವಿರುದ್ಧ. ಸ್ಲೋಪ್ ಇರುವ ಯಂತ್ರ ಒಯ್ಯಬಹುದು, ಸ್ಲೋಪನ್ನು ಆಫ್ ಮಾಡಿಟ್ಟಿರಬೇಕು. ಬೆಂಗಳೂರಿನ ಒಂದು ಪಂದ್ಯದಲ್ಲಿ ನಮ್ಮ ಗುಂಪಿನ ಹಿರಿಯರೊಬ್ಬರು ಮೂರನೇ ಹೋಲ್‌ನಲ್ಲಿ ಸ್ಲೋಪ್ ಆಫ್ ಮಾಡಲು ಮರೆತು ಅಳೆದರು. ಅವರೇ ಹೇಳಿಕೊಂಡರು, ಎರಡು ಸ್ಟ್ರೋಕ್ (ಹೊಡೆತ) ದಂಡ ಬಿತ್ತು. ಎರಡನೇ ಸಲ ಆದರೆ ಪಂದ್ಯದಿಂದಲೇ ಹೊರಗೆ. ಅದಕ್ಕೇ ಹೊರಗಿನಿಂದ ಕಾಣುವ ಜಾರುಗುಂಡಿ ಇರುವ ಯಂತ್ರ ಕೊಳ್ಳಿ. ಆಫ್ ಮಾಡಿದ್ದೀರಿ ಎಂಬುದು ನಿಮಗೂ ಕಾಣಬೇಕು, ಜೊತೆಗಾರರಿಗೂ ಕಾಣಬೇಕು.

ಗಾಳಿಗೆ ಒಂದು ಚಿಟಿಕೆ ಹುಲ್ಲು ಕಿತ್ತು ತೂರಿ ನೋಡುವುದಕ್ಕೆ ನಿಯಮದ ಅಡ್ಡಿಯಿಲ್ಲ. ಕಣದಲ್ಲಿ ರಾಶಿ ತೂರಿದ ಮನೆತನದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಗದಗಿನ ಕಪ್ಪತಗುಡ್ಡದ ಗಾಳಿಗಿರಣಿ ತಿರುಗಿಸುವ ಆಷಾಢದ ಗಾಳಿ ಎದುರಾದರೆ 150 ಯಾರ್ಡ್ ಎಂಬ ಸಂಖ್ಯೆಗೆ ಎರಡು ಸರಪಳಿ ಕೂಡಿಸಿಕೊಳ್ಳುವುದೂ ಉಂಟು.

ಯಾರಿಗೆ ಯಾವುದು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಲ್ಲಿದ್ದು ಹೊಲದಲ್ಲೋ ಬಯಲಿನಲ್ಲೋ ಅಭ್ಯಾಸ ಮಾಡಿ ಆಗೊಮ್ಮೆ ಈಗೊಮ್ಮೆ ಕೋರ್ಸ್‌ಗೆ ಹೋಗುವವರಿಗೆ ಪಿನ್ ಹಿಡಿಯುವ, ಸ್ಲೋಪ್ ಆಫ್ ಮಾಡಬಹುದಾದ ನಡುಬೆಲೆಯ ಲೇಸರ್, ಜೊತೆಗೆ ಫೋನಿನಲ್ಲಿ ಪುಕ್ಕಟೆ ಆ್ಯಪ್. ಕೈ ನಡುಗುವ ಹಿರಿಯರಿಗೆ, ಒಂದೇ ಕಣ್ಣಿನಲ್ಲಿ ದುರ್ಬೀನು ಹಿಡಿಯಲು ತ್ರಾಸಾಗುವವರಿಗೆ ಗಾರ್ಮಿನ್‌ನಂಥ ವಾಚ್, ಕಣ್ಣುಮುಚ್ಚಿ ಕೊಳ್ಳಿ. ಕೆಲಸಕ್ಕೆಂದು ಬೆಂಗಳೂರು ಸೇರಿ ವಾರವಾರ ಒಂದೇ ಕೋರ್ಸ್‌ನಲ್ಲಿ ಆಡುವ ಮಕ್ಕಳಿಗೂ ವಾಚೇ ಸಾಕಾದೀತು. ಇದೀಗ ಕಲಿಯಲು ಶುರು ಮಾಡಿದವರು, ಚೆಂಡು ಇನ್ನೂ ನೇರ ಹೋಗದವರು ಏನನ್ನೂ ಕೊಳ್ಳಬೇಡಿ. ಮಾರ್ಕರ್, ಹೆಜ್ಜೆ ಸಾಕು, ಆ ದುಡ್ಡನ್ನು ಕೋಚ್‌ಗೆ ಕೊಡಿ. ಇಬ್ಬರು ಮೂವರು ಸೇರಿ ಒಂದು ಲೇಸರ್ ಕೊಳ್ಳುವುದೂ ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ. ಪಿನ್‌ನ ದೂರವನ್ನು ಒಬ್ಬರಿಗೊಬ್ಬರು ಹೇಳುವುದು ನಿಯಮಕ್ಕೆ ವಿರುದ್ಧವಲ್ಲ.

ಲೇಸರ್ ತಂದ ಮೇಲೆ ಮೊದಲು ಅಳೆಯಬೇಕಾದದ್ದು ನಿಮ್ಮ ಕ್ಲಬ್‌ಗಳನ್ನು. ಪಿನ್ 143 ಎಂದು ತಿಳಿದು, ಯಾವ ಕ್ಲಬ್ 143 ಹೋಗುತ್ತದೆ ಎಂದು ತಿಳಿಯದಿದ್ದರೆ ಆ ಸಂಖ್ಯೆಯಿಂದ ಏನು ಬಂತು? ಬೇಸಿಗೆಯಲ್ಲಿ ಎರೆ ಹೊಲ ಇದಕ್ಕೆ ಒಳ್ಳೆಯದಲ್ಲ. ನೆಲ ಕಲ್ಲಿನಂತಾಗಿ ಚೆಂಡು ಪುಟಿದು ಎಲ್ಲೆಲ್ಲೋ ಹೋಗುತ್ತದೆ, ಅಂಗೈ ಅಗಲದ ಬಿರುಕಿನೊಳಗೆ ಬಿದ್ದರೆ ಕೋಲು ಹಾಕಿ ತಡಕಾಡಬೇಕು. ಮೊದಲ ಅಡ್ಡಮಳೆ ಬಿದ್ದ ಮರುದಿನ ಸಂಜೆ ಹೋಗಿ. ಮೆತ್ತಗಾದ ಎರೆ ಮಣ್ಣಿನಲ್ಲಿ ಚೆಂಡು ಬಿದ್ದಲ್ಲೇ ಹುಗಿಯುತ್ತದೆ, ಒಂದು ಗೇಣೂ ಉರುಳುವುದಿಲ್ಲ. ಗಾಳಿಯಲ್ಲಿ ಎಷ್ಟು ಹಾರಿತೋ ಅಷ್ಟೇ ದೂರ, ಶುದ್ಧ ಲೆಕ್ಕ. ಏಳನೇ ಐರನ್ನಿನಿಂದ ಇಪ್ಪತ್ತು ಚೆಂಡು ಹೊಡೆಯಿರಿ. ಜೊತೆಗೆ ಬಂದವರನ್ನು ಚೆಂಡುಗಳು ದಟ್ಟವಾಗಿ ಬಿದ್ದ ಜಾಗದಲ್ಲಿ ನಿಲ್ಲಿಸಿ ಅವರ ಎದೆಗೆ ಗುರಿಯಿಟ್ಟು ಅಳೆಯಿರಿ, ಮನುಷ್ಯನ ಮೈ ಲೇಸರಿಗೆ ಸುಲಭದ ಗುರಿ. ಅತಿ ದೂರ ಹೋದ ಒಂದು ಚೆಂಡನ್ನು ನಿಮ್ಮ ದೂರ ಎಂದು ಬರೆದುಕೊಳ್ಳಬೇಡಿ, ಗುಂಪಿನ ನಡುವನ್ನು ಬರೆದುಕೊಳ್ಳಿ. ಹೀಗೆ ಒಂದೊಂದು ಸಂಜೆಗೆ ಎರಡೆರಡು ಕ್ಲಬ್.

ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು, ಚೆಂಡು ಸ್ವಲ್ಪ ಹೆಚ್ಚು ಹಾರುತ್ತದೆ. ಬೆಂಗಳೂರಿಗೆ ಇದೇ ಲೆಕ್ಕ ಹೊಂದುತ್ತದೆ. ಗೋವಾದ ಕರಾವಳಿಗೆ ಇಳಿದರೆ ಅರ್ಧ ಕ್ಲಬ್ ಹೆಚ್ಚು ಹಿಡಿಯಿರಿ.

ನನ್ನ ಏಳನೇ ಐರನ್ 140 ಎಂದು ಹತ್ತು ವರ್ಷ ನಂಬಿದ್ದೆ. ಆ ಅಡ್ಡಮಳೆಯ ಮರುದಿನ ಕಾಕಾ ತಾವಾಗಿಯೇ ಹೋಗಿ ಚೆಂಡುಗಳ ನಡುವೆ, ಬನ್ನಿಗಿಡದಿಂದ ಈಚೆಗೆ, ಕೆಸರು ಮೆತ್ತಿದ ಕಾಲಲ್ಲಿ ನಿಂತರು. ಅಳೆದೆ, 131. ಇನ್ನೊಮ್ಮೆ ಅಳೆದೆ, 131. "ಎಷ್ಟಾತು?" ಎಂದು ಅಲ್ಲಿಂದಲೇ ಕೂಗಿದರು. "ಹನ್ನೆರಡ ಸರಪಳಿಗೆ ಒಂದ ಯಾರ್ಡ್ ಕಡಿಮಿ, ಕಾಕಾ" ಎಂದು ಕೂಗಿ ಹೇಳಿದೆ.